ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಬೇಕೇ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು?

ನಮ್ಮ ಬಳಗದ ಗೆಳತಿಯೊಬ್ಬಳ ಅಪ್ಪಯ್ಯನಿಗೆ 63 ವರ್ಷ. ಮಲೆನಾಡಿನ ಅಡಿಕೆ ತೋಟದವರು. ತೋಟದಿಂದ ಮನೆಗೆ ದರೆ ಹತ್ತುವಾಗ ಎದೆ ಬಿಗಿದಂತಾಗುವುದು, ಐದು ನಿಮಿಷ ಕುಳಿತರೆ ಹೋಗುವುದು, ಮೂರು ತಿಂಗಳಿಂದ ಹೀಗೇ ನಡೆದಿತ್ತು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡಿದ್ದರಿಂದ ಆಂಜಿಯೋಗ್ರಾಮ್‌ಗೆ ಬರೆದುಕೊಟ್ಟರು. ನಗರದ ಆಸ್ಪತ್ರೆಯೊಂದರಲ್ಲಿ ಬೆಳಿಗ್ಗೆ ಅವರನ್ನು ಕ್ಯಾಥ್ ಲ್ಯಾಬ್ ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆಗೆ ವೈದ್ಯರು ಹೊರಗೆ ಬಂದು ಅಣ್ಣನನ್ನು ಕರೆದರು. ‘ಒಂದು ರಕ್ತನಾಳದಲ್ಲಿ 80% ಬ್ಲಾಕ್ ಇದೆ. ತಂದೆಯವರು ಟೇಬಲ್ ಮೇಲೇ ಇದ್ದಾರೆ. ಈಗಲೇ ಸ್ಟೆಂಟ್ ಹಾಕಿಬಿಡೋಣವೇ? ಹತ್ತು ನಿಮಿಷದಲ್ಲಿ ಹೇಳಿ.’

ಅಣ್ಣ ಏನು ಮಾಡಿದ? ಇಂದು ನಾವೆಲ್ಲ ಮಾಡುವುದನ್ನೇ ಮಾಡಿದ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ. ಹತ್ತು ನಿಮಿಷದೊಳಗೆ ಉತ್ತರಗಳು ಬಂದವು. ಭಾವನೊಬ್ಬ ಕಳಿಸಿದ ಫಾರ್ವರ್ಡ್‌ನಲ್ಲಿ ‘70% ದಾಟಿದ ಬ್ಲಾಕ್ ಅಂದರೆ ಎದೆಯೊಳಗಿನ ಬಾಂಬ್, ಒಂದು ದಿನ ತಡವಾದರೂ ಜೀವಕ್ಕೆ ಅಪಾಯ’ ಎಂದಿತ್ತು. ಚಿಕ್ಕಮ್ಮ ಕಳಿಸಿದ್ದರಲ್ಲಿ ‘ಸ್ಟೆಂಟ್ ಅನ್ನುವುದೇ ದೊಡ್ಡ ದಂಧೆ, ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಎಂಥ ಬ್ಲಾಕ್ ಆದರೂ ಕರಗುತ್ತದೆ’ ಎಂದಿತ್ತು. ಈ ಎರಡೂ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಕಳಿಸಿದವರಿಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು.

ಎರಡೂ ತಪ್ಪು. ಯಾಕೆ ತಪ್ಪು ಎಂಬುದನ್ನು ಬಿಡಿಸಿ ನೋಡುತ್ತ ಹೋದಾಗ ನಮಗೆ ಇನ್ನೊಂದು ಪ್ರಶ್ನೆ ಎದುರಾಯಿತು. ವೈದ್ಯರು ಮಗನನ್ನು ಕೇಳಿದರು, ಮಗ ಗುಂಪನ್ನು ಕೇಳಿದ. ಎದೆ ಯಾರದೋ ಅವರನ್ನು ಕೇಳಿದವರು ಯಾರು?

ಎದೆನೋವಿನಲ್ಲಿ ಎರಡು ಬಗೆ

ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳೋಣ. ಮುಂದೆ ಬರೆದಿರುವುದನ್ನು ಓದಲು ಬಿಡುವಿಲ್ಲದಿದ್ದರೂ ಈ ಭಾಗವನ್ನು ಓದಿ.

ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವೊಂದು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುವುದು. ನಾಳದ ಒಳಗೋಡೆಯಲ್ಲಿ ಕುಳಿತಿದ್ದ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಬಿಡುತ್ತದೆ. ಪ್ರತಿ ನಿಮಿಷವೂ ಸ್ನಾಯು ಸಾಯುತ್ತಾ ಹೋಗುತ್ತದೆ. ಇಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಇದರಲ್ಲಿ ಅನುಮಾನವಿಲ್ಲ. ಹತ್ತಿರದಲ್ಲಿ ಕ್ಯಾಥ್ ಲ್ಯಾಬ್ ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಜೀವ ಉಳಿಸುತ್ತದೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದು ಇದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಬೇಕಾದವರಿಗೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಅಲ್ಲೇ ಕೊಡುವ ವ್ಯವಸ್ಥೆ ಅದು. ಎದೆಯ ನಡುವೆ ಭಾರ ಹೇರಿದಂತಹ ನೋವು, ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರಾಟದ ಕಷ್ಟ, ಕುಳಿತರೂ ಕಡಿಮೆಯಾಗದಿರುವುದು, ಇವು ಕಂಡರೆ ಗುಂಪಿನಲ್ಲಿ ಕೇಳುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವು ಇಷ್ಟು ಸ್ಪಷ್ಟವಾಗಿರದೆ ಬರೀ ಸುಸ್ತು, ಏದುಸಿರು, ಹೊಟ್ಟೆ ತೊಳೆಸಿದಂತೆ ಇರಬಹುದು. ಹೊಸದಾಗಿ ಶುರುವಾದ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಅಥವಾ ಸುಮ್ಮನೆ ಕುಳಿತಾಗಲೂ ಬರುವ ಎದೆನೋವನ್ನೂ ತುರ್ತು ಎಂದೇ ತಿಳಿಯಬೇಕು.

ಇನ್ನೊಂದು ಬಗೆ ಗೆಳತಿಯ ಅಪ್ಪಯ್ಯನದು. ಅದೇ ದರೆ, ಅಷ್ಟೇ ಶ್ರಮ, ಅಷ್ಟೇ ನೋವು. ಕುಳಿತರೆ ಹೋಗುತ್ತದೆ, ತಿಂಗಳುಗಟ್ಟಲೆ ಒಂದೇ ತೆರನಾಗಿರುತ್ತದೆ. ಇದಕ್ಕೆ ವೈದ್ಯರು ಸ್ಥಿರ ಆಂಜೈನಾ ಎನ್ನುತ್ತಾರೆ. ನಾಳ ನಿಧಾನವಾಗಿ, ವರ್ಷಗಳ ಕಾಲ ಕಿರಿದಾಗಿರುತ್ತದೆ. ಶ್ರಮಪಟ್ಟಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಸಾಲದೆ ಎದೆ ಬಿಗಿಯುತ್ತದೆ.

ಮೊದಲ ಫಾರ್ವರ್ಡ್ ಈ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಎರಡನೆಯದೂ ಅಷ್ಟೇ, ಆದರೆ ಅದು ಹೃದಯಾಘಾತವಾದವರನ್ನೂ ಕಷಾಯ ಕುಡಿಸಿ ಮನೆಯಲ್ಲಿ ಕೂರಿಸುತ್ತದೆ. ಆ ಕಷಾಯ ನಾಳದ ಬ್ಲಾಕನ್ನು ಕರಗಿಸುತ್ತದೆ ಎನ್ನಲು ಆಧಾರವಿಲ್ಲ. ಎರಡೂ ತಪ್ಪು ಎಂದೆವಾದರೂ, ಎರಡರ ಅಪಾಯ ಸಮವಲ್ಲ ಎಂಬುದನ್ನೂ ಹೇಳಬೇಕು.

80% ಬ್ಲಾಕ್ ಎಂದರೆ 80% ಅಪಾಯವಲ್ಲ

ನಾಳವನ್ನು ನಾವು ಮನೆಯ ನಲ್ಲಿ ಪೈಪಿನಂತೆ ಕಲ್ಪಿಸಿಕೊಳ್ಳುತ್ತೇವೆ. ಕಸ ಕಟ್ಟಿದೆ, ತೆಗೆದರೆ ಆಯಿತು. ಆಂಜಿಯೋಗ್ರಾಮ್ ಪರದೆಯ ಮೇಲೆ ಕಿರಿದಾದ ಜಾಗವನ್ನು ಬೆರಳಿಟ್ಟು ತೋರಿಸಿದಾಗಲಂತೂ ಬೇರೆ ಯೋಚನೆಯೇ ಬರುವುದಿಲ್ಲ. ಆದರೆ 80% ಎನ್ನುವುದು ಆ ಒಂದು ಜಾಗದಲ್ಲಿ ನಾಳ ಎಷ್ಟು ಕಿರಿದಾಗಿದೆ ಎಂಬ ಅಳತೆ. ಇನ್ನೆಷ್ಟು ದಿನದಲ್ಲಿ ಹೃದಯಾಘಾತವಾಗುತ್ತದೆ ಎಂಬ ಲೆಕ್ಕ ಅದರಲ್ಲಿಲ್ಲ. ಕೊಬ್ಬಿನ ಪದರ ನಾಳಗಳ ಉದ್ದಕ್ಕೂ ಅಲ್ಲಲ್ಲಿ ಇರುತ್ತದೆ. ಮುಂದೆ ಬಿರಿಯುವುದು ಇವತ್ತು 80% ಕಾಣುವ ಜಾಗವೇ ಆಗಬೇಕೆಂದಿಲ್ಲ, 40% ಇರುವ ಇನ್ನೊಂದು ಜಾಗವೂ ಆಗಬಹುದು. ಸ್ಟೆಂಟ್ ಒಂದು ಜಾಗವನ್ನು ಅಗಲ ಮಾಡುತ್ತದೆ. ಎಲ್ಲ ನಾಳಗಳನ್ನೂ ತಲುಪುವುದು ಮಾತ್ರೆಗಳು, ಮತ್ತು ಬೀಡಿ ಸಿಗರೇಟು ಬಿಡುವುದು.

ಇದು ಬರೀ ತರ್ಕವಲ್ಲ, ಪರೀಕ್ಷಿಸಿ ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ‘ಕರೇಜ್’ ಎಂಬ ಅಧ್ಯಯನದಲ್ಲಿ ಅಮೆರಿಕ ಮತ್ತು ಕೆನಡಾದ 2,287 ಸ್ಥಿರ ಹೃದ್ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಳ್ಳೆಯ ಔಷಧೋಪಚಾರ, ಇನ್ನೊಂದಕ್ಕೆ ಅದೇ ಔಷಧದ ಜೊತೆಗೆ ಸ್ಟೆಂಟ್ ಚಿಕಿತ್ಸೆ. ನಾಲ್ಕೂವರೆ ವರ್ಷದ ನಂತರ ಲೆಕ್ಕ ಹಾಕಿದಾಗ ಸಾವು ಅಥವಾ ಹೃದಯಾಘಾತಕ್ಕೆ ತುತ್ತಾದವರು ಎರಡೂ ಗುಂಪಿನಲ್ಲಿ ಹತ್ತಿರ ಹತ್ತಿರ ನೂರಕ್ಕೆ 19. ಹೃದ್ರೋಗ ತಜ್ಞರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಕಡಿಮೆ ತೊಂದರೆ ಇರುವವರನ್ನೇ ಆರಿಸಿದ್ದೀರಿ, ಸ್ಟೆಂಟ್‌ಗಳೂ ಹಳೆಯವು ಎಂದು ವಾದಿಸಿದರು. ನ್ಯಾಯವಾದ ಆಕ್ಷೇಪವೇ. ಅದಕ್ಕೆ ಉತ್ತರವಾಗಿ ಬಂದದ್ದು ‘ಇಸ್ಕೀಮಿಯಾ’ ಎಂಬ ಅಧ್ಯಯನ. ಭಾರತವೂ ಸೇರಿ 37 ದೇಶಗಳು, 5,179 ರೋಗಿಗಳು, ಒತ್ತಡದ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ತೊಂದರೆ ಕಂಡವರು. 2019ರ ನವೆಂಬರಿನಲ್ಲಿ ಫಲಿತಾಂಶ ಮಂಡಿಸಿದರು, 2020ರಲ್ಲಿ ಪ್ರಕಟಿಸಿದರು. ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಮಾತ್ರೆಯಿಂದ ಶುರುಮಾಡಿ ಬೇಕಾದರೆ ಮಾತ್ರ ಮುಂದಿನ ಹೆಜ್ಜೆ ಇಟ್ಟವರಿಗೂ ಸಾವು, ಹೃದಯಾಘಾತಗಳ ಒಟ್ಟು ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇದನ್ನೇ ಕತ್ತರಿಸಿ ‘ಸ್ಟೆಂಟ್‌ನಿಂದ ಪ್ರಯೋಜನವಿಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ’ ಎಂದು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಇಸ್ಕೀಮಿಯಾದಲ್ಲಿ ಕೆಲವರನ್ನು ಸೇರಿಸಿಕೊಂಡಿರಲಿಲ್ಲ. ಹೃದಯದ ಎಡಭಾಗಕ್ಕೆ ರಕ್ತ ಕೊಡುವ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದ್ದವರು, ಹೃದಯದ ಪಂಪಿಂಗ್ ಬಹಳ ಕುಸಿದಿದ್ದವರು, ಸ್ವಲ್ಪ ದಿನದ ಹಿಂದಷ್ಟೇ ಹೃದಯಾಘಾತವಾಗಿದ್ದವರು, ಮಾತ್ರೆ ಕೊಟ್ಟರೂ ನೋವು ತಡೆಯಲಾಗದವರು, ಇವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಹಾಗಾದರೆ ಉಳಿದವರಿಗೆ ಸ್ಟೆಂಟ್ ಯಾಕೆ?

ನೋವು ಕಡಿಮೆಯಾಗುತ್ತದೆ, ಅದಕ್ಕೆ. ಇಸ್ಕೀಮಿಯಾದಲ್ಲೇ, ವಾರಕ್ಕೊಮ್ಮೆಯಾದರೂ ಎದೆನೋವು ಬರುತ್ತಿದ್ದವರನ್ನು ನೋಡಿದರೆ, ಮೂರು ತಿಂಗಳ ನಂತರ ನೋವೇ ಇಲ್ಲದಿರುವ ಸಾಧ್ಯತೆ ಸ್ಟೆಂಟ್ ಅಥವಾ ಬೈಪಾಸ್ ದಾರಿಯಲ್ಲಿ ನೂರಕ್ಕೆ ಸುಮಾರು 45, ಮಾತ್ರೆಯ ದಾರಿಯಲ್ಲಿ ಸುಮಾರು 15. ದೊಡ್ಡ ವ್ಯತ್ಯಾಸವೇ. ಆದರೆ ಮೊದಲೇ ನೋವಿಲ್ಲದಿದ್ದವರಿಗೆ ಕಡಿಮೆಯಾಗಲು ಏನೂ ಇರಲಿಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯದ ಕಥೆಯಿದೆ. ಸ್ಟೆಂಟ್ ಹಾಕಿಸಿಕೊಂಡ ಸಮಾಧಾನದಿಂದಲೇ ನೋವು ಕಡಿಮೆ ಅನ್ನಿಸಬಹುದಲ್ಲ? ಬ್ರಿಟನ್ನಿನ ತಂಡವೊಂದು ಅದನ್ನೂ ಪರೀಕ್ಷಿಸಿತು. ‘ಆರ್ಬಿಟಾ’ ಎಂಬ ಆ ಅಧ್ಯಯನದಲ್ಲಿ 200 ರೋಗಿಗಳನ್ನು ಕ್ಯಾಥ್ ಲ್ಯಾಬಿಗೆ ಕರೆದೊಯ್ದು, ಅರ್ಧದಷ್ಟು ಜನರಿಗೆ ನಿಜವಾಗಿ ಸ್ಟೆಂಟ್ ಹಾಕಿದರು, ಉಳಿದವರಿಗೆ ಹಾಕಿದಂತೆ ಮಾಡಿದರು. ಯಾರಿಗೆ ಯಾವುದೆಂದು ರೋಗಿಗಳಿಗೆ ಗೊತ್ತಿರಲಿಲ್ಲ, ಹೀಗೆ ಮಾಡುತ್ತೇವೆಂದು ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು. ಆರು ವಾರದ ನಂತರ ಟ್ರೆಡ್‌ಮಿಲ್ ಮೇಲೆ ನಡೆಯುವ ಸಮಯ ಎರಡೂ ಗುಂಪಿನಲ್ಲಿ ಹೆಚ್ಚಿತ್ತು, ನಡುವಿನ ವ್ಯತ್ಯಾಸ ಬರೀ 16 ಸೆಕೆಂಡು. ಇದು 2017ರ ಮಾತು. ಇವರೆಲ್ಲರಿಗೂ ಚೆನ್ನಾಗಿ ಮಾತ್ರೆ ಕೊಟ್ಟು ನೋವನ್ನು ಹತೋಟಿಗೆ ತಂದ ಮೇಲೆಯೇ ಪರೀಕ್ಷೆ ಮಾಡಿದ್ದು. ಅದೇ ತಂಡ 2023ರಲ್ಲಿ 301 ಜನರ ಮೇಲೆ ಇನ್ನೊಂದು ಅಧ್ಯಯನ ಪ್ರಕಟಿಸಿತು. ಈ ಸಲ ನೋವಿನ ಮಾತ್ರೆಗಳನ್ನು ನಿಲ್ಲಿಸಿ ನೋಡಿದರು. ಆಗ ನಿಜವಾದ ಸ್ಟೆಂಟ್ ಹಾಕಿಸಿಕೊಂಡವರಿಗೆ ನೋವು ಸ್ಪಷ್ಟವಾಗಿ ಕಡಿಮೆಯಾಗಿತ್ತು. ನಾವು ಇದನ್ನು ಓದಿಕೊಂಡದ್ದು ಹೀಗೆ: ನೋವಿಗೆ ಸ್ಟೆಂಟೂ ಒಂದು ದಾರಿ, ಮಾತ್ರೆಯೂ ಒಂದು ದಾರಿ. ಮಾತ್ರೆ ಸಾಕಾದವರಿಗೆ ಸ್ಟೆಂಟ್ ಹೆಚ್ಚೇನೂ ಕೊಡದಿರಬಹುದು, ಮಾತ್ರೆ ಸಾಲದವರಿಗೆ, ಒಗ್ಗದವರಿಗೆ, ದಿನಾ ನುಂಗಲು ಬೇಸರಪಡುವವರಿಗೆ ಅದು ಒಳ್ಳೆಯ ಆಯ್ಕೆ.

ಕರೇಜ್ ಅಧ್ಯಯನದಲ್ಲಿ ಮಾತ್ರೆಯ ಗುಂಪಿಗೆ ಹೋದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಮುಂದೊಂದು ದಿನ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡರು. ಈಗ ಬೇಡ ಎಂದರೆ ಎಂದೆಂದಿಗೂ ಬೇಡ ಎಂದಲ್ಲ.

ಇಷ್ಟೆಲ್ಲ ಗೊತ್ತಿದ್ದೂ ರೋಗಿಗಳಿಗೆ ತಲುಪುವುದು ಏನು? ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ, ತುರ್ತಿಲ್ಲದ ಸ್ಟೆಂಟ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವರನ್ನೇ ಕೇಳಿದರು. 2010ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ ನೂರಕ್ಕೆ 88 ಜನ, ಇದರಿಂದ ತಮ್ಮ ಹೃದಯಾಘಾತದ ಅಪಾಯ ಕಡಿಮೆಯಾಗುತ್ತದೆ ಎಂದು ನಂಬಿದ್ದರು. ಅವರ ವೈದ್ಯರಲ್ಲಿ ಹೆಚ್ಚಿನವರು ಹಾಗೆ ಅಂದುಕೊಂಡಿರಲಿಲ್ಲ, ನೋವು ಕಡಿಮೆ ಮಾಡಲು ಎಂದೇ ತಿಳಿದಿದ್ದರು. ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ. ಒಂದೇ ಕೋಣೆಯಲ್ಲಿ ಕುಳಿತು, ಒಂದೇ ಕಾಗದಕ್ಕೆ ಸಹಿ ಹಾಕಿದ ಇಬ್ಬರು, ಬೇರೆ ಬೇರೆ ಕಾರಣಕ್ಕೆ ಒಂದೇ ಚಿಕಿತ್ಸೆಯನ್ನು ಒಪ್ಪಿಕೊಂಡಿದ್ದರು. ಅದೂ ವಿದ್ಯಾವಂತರ ನಾಡಿನಲ್ಲಿ, ತಮ್ಮದೇ ಭಾಷೆಯಲ್ಲಿ ಮಾತಾಡಿ.

ಕೂಡಿ ನಿರ್ಧರಿಸುವುದು ಎಂದರೇನು?

ವೈದ್ಯರು ಮತ್ತು ರೋಗಿ ಜೊತೆಗೂಡಿ ತೀರ್ಮಾನಕ್ಕೆ ಬರುವುದು ಎಂಬ ವಿಚಾರ ಹೊಸದಲ್ಲ. ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗವೊಂದು 1982ರಲ್ಲೇ ಇದನ್ನು ಹೇಳಿತ್ತು. ಅಲ್ಲಿನ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೃದಯ ಚಿಕಿತ್ಸೆಗೆಂದೇ ಪ್ರತ್ಯೇಕ ಹೇಳಿಕೆ ಹೊರಡಿಸಿತು. ಮಾತು ದೊಡ್ಡದಾಗಿ ಕೇಳಿಸಿದರೂ ಹುರುಳು ಸರಳ. ವೈದ್ಯರಿಗೆ ಕಾಯಿಲೆ ಗೊತ್ತು. ರೋಗಿಗೆ ತನ್ನ ಬದುಕು ಗೊತ್ತು. ದರೆ ಹತ್ತಲೇಬೇಕೇ, ಮಾತ್ರೆಗೆ ತಿಂಗಳಿಗೆ ಎಷ್ಟು ಖರ್ಚು ಮಾಡಬಲ್ಲೆ, ಆಪರೇಷನ್ ಎಂದರೆ ಎಷ್ಟು ಭಯ, ಮಗಳ ಮದುವೆ ಯಾವ ತಿಂಗಳು, ಇವನ್ನು ಯಾವ ಆಂಜಿಯೋಗ್ರಾಮೂ ತೋರಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಒಪ್ಪತಕ್ಕ ದಾರಿಗಳಿದ್ದಾಗ ಎರಡೂ ಕಡೆಯ ಅರಿವು ಸೇರಿದರೆ ಮಾತ್ರ ಸರಿಯಾದ ದಾರಿ ಸಿಗುತ್ತದೆ. ಒಂದೇ ದಾರಿ ಇರುವಾಗ, ಉದಾಹರಣೆಗೆ ಹೃದಯಾಘಾತದಲ್ಲಿ, ಈ ಚರ್ಚೆಗೆ ಹೆಚ್ಚು ಸಮಯವಿಲ್ಲ, ಬೇಕಾಗಿಯೂ ಇಲ್ಲ.

ಹೀಗೆ ಮಾಡಿದರೆ ಜನ ತಪ್ಪು ಆರಿಸಿಕೊಂಡು ಅಪಾಯಕ್ಕೆ ಸಿಲುಕುವುದಿಲ್ಲವೇ? ಅಮೆರಿಕದ ಆರು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 898 ಜನರ ಮೇಲೆ ಇದನ್ನು ನೋಡಿದ್ದಾರೆ, 2016ರಲ್ಲಿ ಪ್ರಕಟವಾಯಿತು. ಎದೆನೋವೆಂದು ಬಂದು, ಇಸಿಜಿ ಮತ್ತು ಟ್ರೋಪೋನಿನ್ ರಕ್ತಪರೀಕ್ಷೆಯಲ್ಲಿ ಹೃದಯಾಘಾತವಿಲ್ಲ ಎಂದು ಕಂಡ, ಅಪಾಯ ಕಡಿಮೆ ಇದ್ದವರು ಇವರು. ಅರ್ಧ ಜನಕ್ಕೆ ಎಂದಿನಂತೆ ಹೇಳಿದರು. ಇನ್ನರ್ಧ ಜನಕ್ಕೆ ಒಂದು ಹಾಳೆ ಕೊಟ್ಟು ಕೂರಿಸಿ ಮಾತಾಡಿದರು. ಹಾಳೆಯಲ್ಲಿ ನೂರು ಪುಟ್ಟ ಮನುಷ್ಯಾಕೃತಿಗಳು. ‘ನಿಮ್ಮಂಥ ನೂರು ಜನರಲ್ಲಿ ಮುಂದಿನ 45 ದಿನದಲ್ಲಿ ಇಷ್ಟು ಜನರಿಗೆ ಹೃದಯದ ತೊಂದರೆ ಆಗಬಹುದು’ ಎಂದು ಬಣ್ಣ ಹಚ್ಚಿ ತೋರಿಸಿದ್ದು, ಅಷ್ಟೇ. ಎಂದಿನ ರೀತಿಯಲ್ಲಿ ನೂರಕ್ಕೆ 52 ಜನ ದಾಖಲಾಗಿ ಮುಂದಿನ ಪರೀಕ್ಷೆಗೆ ಒಪ್ಪಿದರೆ, ಹಾಳೆ ನೋಡಿದವರಲ್ಲಿ 37 ಜನ ಒಪ್ಪಿದರು. ಹಾಳೆಯ ಕಾರಣದಿಂದ ಯಾರಿಗೂ ದೊಡ್ಡ ಅನಾಹುತವಾಗಲಿಲ್ಲ.

ನೂರು ಜನರ ಲೆಕ್ಕದಲ್ಲಿ ಕೇಳುವುದು ನಾವೂ ಕಲಿತುಕೊಳ್ಳಬೇಕಾದ ಅಭ್ಯಾಸ. ‘ಈ ಮಾತ್ರೆಯಿಂದ ಹೃದಯಾಘಾತ 25% ಕಡಿಮೆ’ ಎಂದರೆ ಏನು ತಿಳಿಯುತ್ತದೆ? ಹತ್ತು ವರ್ಷದಲ್ಲಿ ನೂರಕ್ಕೆ 20 ಜನರಿಗೆ ಆಗುತ್ತಿದ್ದದ್ದು 15ಕ್ಕೆ ಇಳಿದರೂ 25%, ನೂರಕ್ಕೆ 4 ಇದ್ದದ್ದು 3ಕ್ಕೆ ಇಳಿದರೂ 25%. ಮೊದಲನೆಯದರಲ್ಲಿ ಐದು ಜನ ಬಚಾವಾದರು, ಎರಡನೆಯದರಲ್ಲಿ ಒಬ್ಬರು. ಔಷಧದ ಜಾಹೀರಾತೂ ಕಷಾಯದ ಫಾರ್ವರ್ಡೂ ಪರ್ಸೆಂಟನ್ನೇ ಇಷ್ಟಪಡುವುದು ಸುಮ್ಮನೆ ಅಲ್ಲ.

ಅಮ್ಮನ ಸಹಿ, ಮಗನ ಸಹಿ

ಈಗ ಕ್ಯಾಥ್ ಲ್ಯಾಬಿನ ಬಾಗಿಲಿಗೆ ವಾಪಸ್ ಬರೋಣ. ಆಂಜಿಯೋಗ್ರಾಮ್ ಮಾಡುವಾಗ ಸಾಮಾನ್ಯವಾಗಿ ರೋಗಿಯ ಪ್ರಜ್ಞೆ ತಪ್ಪಿಸುವುದಿಲ್ಲ. ಮಣಿಕಟ್ಟಿನಲ್ಲೋ ತೊಡೆಯ ಸಂದಿಯಲ್ಲೋ ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನಾಳದೊಳಗೆ ತೆಳುವಾದ ಕೊಳವೆ ತೂರಿಸುತ್ತಾರೆ. ಕೆಲವೊಮ್ಮೆ ಗಾಬರಿ ಕಡಿಮೆಯಾಗಲು ಸ್ವಲ್ಪ ಮಂಪರಿನ ಔಷಧ ಕೊಟ್ಟಿರುತ್ತಾರೆ. ಅಂದರೆ ಗೆಳತಿಯ ಅಪ್ಪಯ್ಯ ಒಳಗೆ ಎಚ್ಚರವಾಗಿಯೇ ಮಲಗಿದ್ದರು. ಅವರ ಎದೆಯ ಬಗ್ಗೆ ಗೋಡೆಯ ಆಚೆ ಮಾತುಕತೆ ನಡೆದಿತ್ತು.

ನಮ್ಮ ಮನೆಗಳಲ್ಲಿ ಇದು ಅಪರೂಪವಲ್ಲ. ಅಪ್ಪನಿಗೆ ಹೇಳಿದರೆ ಗಾಬರಿಯಾಗುತ್ತಾರೆ, ಅಮ್ಮನಿಗೆ ಇದೆಲ್ಲ ಅರ್ಥವಾಗುವುದಿಲ್ಲ, ದುಡ್ಡು ಕೊಡುವವರು ನಾವು ತಾನೇ ಎಂಬ ಕಾರಣಗಳಿರುತ್ತವೆ. ಪ್ರೀತಿಯಿಂದಲೇ ಮಾಡುತ್ತೇವೆ. ಕೆಲವು ಹಿರಿಯರಿಗೆ ಅದೇ ಬೇಕಾಗಿರುತ್ತದೆ, ‘ನೀವೇ ನೋಡಿಕೊಳ್ಳಿ’ ಎಂದುಬಿಡುತ್ತಾರೆ. ವಿಷಯ ತಿಳಿದುಕೊಂಡು ಹಾಗೆ ಹೇಳಿದರೆ ಅದೂ ಅವರ ನಿರ್ಧಾರವೇ. ಕೇಳದೆಯೇ ಅವರ ಪರವಾಗಿ ಹೇಳುವುದು ಬೇರೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ ಒಪ್ಪಿ ಅರಿವಳಿಕೆ ತೆಗೆದುಕೊಂಡರು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗೆ ಕುಳಿತಿದ್ದ ಅವರ ಅಮ್ಮನಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದರು. ಸಮೀರಾ ಕೊಹ್ಲಿ ಪ್ರಕರಣ ಎಂದೇ ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರ ಪರವಾಗಿ, ಜೀವಕ್ಕೆ ಅಪಾಯದ ತುರ್ತು ಇಲ್ಲದಿರುವಾಗ, ಅಮ್ಮ ಕೊಟ್ಟ ಒಪ್ಪಿಗೆಯೂ ನಡೆಯುವುದಿಲ್ಲ. ಒಳ್ಳೆಯದಕ್ಕೇ ಮಾಡಿದ್ದು ಎಂಬ ಸಮರ್ಥನೆ ಸಾಲಲಿಲ್ಲ. ಚಿಕಿತ್ಸೆ ಏನು ಮತ್ತು ಯಾಕೆ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗಬಹುದು ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದಿತು. ಪರೀಕ್ಷೆ ಮತ್ತು ಚಿಕಿತ್ಸೆ ಎರಡಕ್ಕೂ ಮೊದಲೇ ಸೇರಿಸಿ ಒಪ್ಪಿಗೆ ಪಡೆಯಲು ಅಡ್ಡಿಯಿಲ್ಲ ಎಂದೂ ಹೇಳಿತು.

ಈ ಕೊನೆಯ ಮಾತು ಹೃದಯ ಚಿಕಿತ್ಸೆಗೆ ಬಹಳ ಹತ್ತಿರದ್ದು. ಆಂಜಿಯೋಗ್ರಾಮ್ ಆದ ಕೂಡಲೇ ಅದೇ ಕೂರಿಕೆಯಲ್ಲಿ ಸ್ಟೆಂಟ್ ಹಾಕುವುದರಲ್ಲಿ ಅನುಕೂಲವೂ ಇದೆ. ಇನ್ನೊಮ್ಮೆ ಚುಚ್ಚಬೇಕಿಲ್ಲ, ಇನ್ನೊಂದು ದಿನದ ಖರ್ಚಿಲ್ಲ, ದೂರದ ಊರಿನವರಿಗೆ ಇನ್ನೊಂದು ಬಸ್ಸಿಲ್ಲ. ಹಾಗಾಗಿ ಮಾತುಕತೆ ನಡೆಯಬೇಕಾದ ಜಾಗ ಕ್ಯಾಥ್ ಲ್ಯಾಬಿನ ಬಾಗಿಲಲ್ಲ, ಅದಕ್ಕೂ ಹಿಂದಿನ ದಿನದ ಒಪಿಡಿ. ‘ಒಂದು ನಾಳದಲ್ಲಿ ಮಾತ್ರ ಇದ್ದರೆ ಏನು ಮಾಡುತ್ತೀರಿ? ಮೂರರಲ್ಲೂ ಇದ್ದರೆ? ಎಡ ಮುಖ್ಯ ನಾಳದಲ್ಲಿ ಇದ್ದರೆ?’ ಎಂದು ರೋಗಿಯ ಎದುರಿಗೇ ಕೇಳಿ ಇಟ್ಟುಕೊಂಡರೆ, ಬಾಗಿಲ ಬಳಿ ಹತ್ತು ನಿಮಿಷವೂ ಸಾಕು.

ಸಕ್ಕರೆ ಕಾಯಿಲೆ ಇದ್ದವರಂತೂ ಇದನ್ನು ಕೇಳಿಯೇ ಒಳಗೆ ಹೋಗಬೇಕು ಎಂಬುದು ನಮ್ಮ ಅನಿಸಿಕೆ. ಮಧುಮೇಹವಿದ್ದು ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,900 ಜನರನ್ನು ‘ಫ್ರೀಡಂ’ ಎಂಬ ಅಧ್ಯಯನದಲ್ಲಿ ಹೋಲಿಸಿದರು. 2012ರಲ್ಲಿ ಪ್ರಕಟವಾದ ಅದರ ಪ್ರಕಾರ ಐದು ವರ್ಷದಲ್ಲಿ ಸತ್ತವರು, ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 16, ಬೈಪಾಸ್ ಮಾಡಿಸಿಕೊಂಡವರಲ್ಲಿ ಸುಮಾರು 11. ಆದರೆ ಲಕ್ವ ಹೊಡೆದದ್ದು ಬೈಪಾಸ್‌ನಲ್ಲಿ ಹೆಚ್ಚು, ನೂರಕ್ಕೆ 5, ಸ್ಟೆಂಟ್‌ನಲ್ಲಿ ಸುಮಾರು 2. ಸ್ಟೆಂಟ್‌ಗಳು ಆಮೇಲೆ ಸುಧಾರಿಸಿವೆ, ಆದರೂ ಇಂಥವರಿಗೆ ಬೈಪಾಸ್ ಮುಖ್ಯ ಆಯ್ಕೆಯಾಗಿಯೇ ಉಳಿದಿದೆ. ಸಾವಿನ ಅಪಾಯ ಕಡಿಮೆಯಾಗಲಿ, ಲಕ್ವದ ಅಪಾಯ ಸ್ವಲ್ಪ ಹೆಚ್ಚಿದರೂ ಸರಿ ಎನ್ನುವವರಿದ್ದಾರೆ. ಹಾಸಿಗೆ ಹಿಡಿದು ಬದುಕುವುದು ನನಗೆ ಬೇಡ, ಎದೆ ಸೀಳಿಸಿಕೊಳ್ಳುವುದೂ ಬೇಡ ಎನ್ನುವವರಿದ್ದಾರೆ. ಟೇಬಲ್ ಮೇಲೆ ಇರುವಾಗಲೇ ಅವಸರದಲ್ಲಿ ಸ್ಟೆಂಟ್‌ಗಳನ್ನು ಹಾಕಿಬಿಟ್ಟರೆ ಈ ಯೋಚನೆಗೆ ಜಾಗವೇ ಇರುವುದಿಲ್ಲ.

ವೈದ್ಯರ ಕಡೆಯಿಂದ

ಎಲ್ಲ ತಪ್ಪೂ ಆಸ್ಪತ್ರೆಯದೇ ಎಂದರೆ ಎರಡನೆಯ ಫಾರ್ವರ್ಡನ್ನೇ ಬೇರೆ ಮಾತಿನಲ್ಲಿ ಬರೆದಂತಾಗುತ್ತದೆ. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡಾಗ, 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಹರಡಿದಾಗ ಜಯದೇವದ ಮುಂದೆ ನಿಂತ ಸಾಲುಗಳನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ. ಅಂಥ ಒಪಿಡಿಯಲ್ಲಿ ಒಬ್ಬೊಬ್ಬರಿಗೆ ಎಷ್ಟು ನಿಮಿಷ ಸಿಗಬಹುದು? ಇವತ್ತು ‘ಮಾತ್ರೆ ಸಾಕು’ ಎಂದು ಕಳಿಸಿದ ರೋಗಿಗೆ ಮುಂದಿನ ತಿಂಗಳು ಏನಾದರೂ ಆದರೆ ಜನ ಯಾರನ್ನು ಹುಡುಕಿಕೊಂಡು ಬರುತ್ತಾರೆ ಎಂಬ ಭಯವೂ ವೈದ್ಯರಿಗಿದೆ. ಸ್ಟೆಂಟ್ ಹಾಕಿದ ಮೇಲೆ ಏನಾದರೂ ಆದರೆ ‘ಪ್ರಯತ್ನಪಟ್ಟರು’ ಎನ್ನುತ್ತೇವೆ.

ದುಡ್ಡಿನ ವಿಷಯವನ್ನೂ ಮುಚ್ಚಿಡಬೇಕಿಲ್ಲ. ಚಿಕಿತ್ಸೆ ಮಾಡಿದರೆ ಆಸ್ಪತ್ರೆಗೆ ಆದಾಯ, ಕೂರಿಸಿ ಮಾತಾಡಿದರೆ ಇಲ್ಲ. ಒಂದು ಕಾಲದಲ್ಲಿ ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್‌ಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಫೆಬ್ರವರಿಯಲ್ಲಿ 29,600 ರೂಪಾಯಿಯ ಮಿತಿ ಹಾಕಿತು. ಅದು ಸ್ಟೆಂಟ್‌ನ ಬೆಲೆ ಮಾತ್ರ, ಇಡೀ ಚಿಕಿತ್ಸೆಯದಲ್ಲ. ಇನ್ನೊಂದು ವಿಚಿತ್ರವಿದೆ. ಸರ್ಕಾರದ ವಿಮೆಯಾಗಲಿ ಖಾಸಗಿಯದಾಗಲಿ, ದಾಖಲಾಗಿ ಮಾಡಿಸಿಕೊಂಡ ಚಿಕಿತ್ಸೆಗೆ ಹಣ ಕೊಡುತ್ತದೆ, ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಬಡವರಿಗೆ ಕೆಲವೊಮ್ಮೆ ಸ್ಟೆಂಟೇ ಅಗ್ಗ, ಮಾತ್ರೆ ದುಬಾರಿ. ಜನೌಷಧಿ ಅಂಗಡಿಗಳಿಂದ ಇದು ಸ್ವಲ್ಪ ಹಗುರವಾಗಿದೆ.

ಆದರೆ ಸ್ಟೆಂಟ್ ಹಾಕಿಸಿಕೊಂಡರೆ ಮಾತ್ರೆ ತಪ್ಪುತ್ತದೆ ಎಂದುಕೊಳ್ಳಬೇಡಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ, ಶುಗರ್ ಮಾತ್ರೆಗಳು ಮುಂದುವರಿಯುತ್ತವೆ. ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ಕೆಲವು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ಅರ್ಧದಲ್ಲಿ ತಾವಾಗಿಯೇ ನಿಲ್ಲಿಸಿದರೆ ಹೊಸ ಸ್ಟೆಂಟ್‌ನೊಳಗೇ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಮುಂದಿನ ತಿಂಗಳು ಹರ್ನಿಯಾ ಆಪರೇಷನ್ ಇದೆ, ಮೂಲವ್ಯಾಧಿಯಿಂದ ರಕ್ತ ಹೋಗುತ್ತದೆ, ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು ಎಂಬ ಸಂಗತಿಗಳನ್ನು ಸಣ್ಣ ವಿಷಯವೆಂದು ಬಿಡದೆ ಮೊದಲೇ ಹೇಳಬೇಕಾದದ್ದು ಇದಕ್ಕೇ.

ಏನು ಕೇಳಬೇಕು ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಇದೇ ಇರಲಿ: ‘ಡಾಕ್ಟ್ರೇ, ಇದು ತುರ್ತೇ?’ ಹೌದು ಎಂದರೆ ಉಳಿದ ಪ್ರಶ್ನೆಗಳನ್ನು ಆಮೇಲೆ ಕೇಳಬಹುದು. ಅಲ್ಲ ಎಂದರೆ, ಇದರಿಂದ ನನ್ನ ಆಯಸ್ಸು ಹೆಚ್ಚುತ್ತದೆಯೋ ನೋವು ಕಡಿಮೆಯಾಗುತ್ತದೆಯೋ, ಮೂರು ತಿಂಗಳು ಮಾತ್ರೆಯಲ್ಲೇ ನೋಡಿದರೆ ಏನು ಕಳೆದುಕೊಳ್ಳುತ್ತೇನೆ, ಬೈಪಾಸ್ ಬಗ್ಗೆ ಶಸ್ತ್ರವೈದ್ಯರ ಅಭಿಪ್ರಾಯ ಬೇಕೇ ಎಂದು ಕೇಳಿ. ಇನ್ನೊಬ್ಬ ವೈದ್ಯರಿಗೆ ತೋರಿಸಬೇಕೆನಿಸಿದರೆ ಸಂಕೋಚ ಬೇಡ. ನೀವು ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯರ ವೃತ್ತಿ ನಿಯಮವೇ 2002ರಿಂದ ಹೇಳುತ್ತದೆ. ಆಂಜಿಯೋಗ್ರಾಮ್‌ನ ವಿಡಿಯೋ ಇರುವ ಸಿಡಿಯನ್ನೂ ಕೇಳಿ ಪಡೆದುಕೊಳ್ಳಿ, ಬರೀ ವರದಿಯ ಹಾಳೆಯಿಂದ ಇನ್ನೊಬ್ಬ ತಜ್ಞರಿಗೆ ಹೆಚ್ಚೇನೂ ತಿಳಿಯುವುದಿಲ್ಲ.

ಅವತ್ತು ಗೆಳತಿ ನರ್ಸ್ ಹತ್ತಿರ ಹೋಗಿ, ‘ಅಪ್ಪಯ್ಯನನ್ನೇ ಒಂದು ಮಾತು ಕೇಳಬಹುದಾ?’ ಎಂದಳು. ನರ್ಸ್ ಒಂದು ಕ್ಷಣ ಅವಳ ಮುಖ ನೋಡಿ ಒಳಗೆ ಹೋದರು. ವೈದ್ಯರೇ ರೋಗಿಯ ಪಕ್ಕ ನಿಂತು ಪರದೆ ತೋರಿಸಿ ಹೇಳಿದರಂತೆ. ಅಪ್ಪಯ್ಯ ಕೇಳಿದ್ದು ಒಂದೇ, ‘ಇವತ್ತೇ ಆಗಬೇಕಾ?’ ಎಡ ಮುಖ್ಯ ನಾಳ ಚೆನ್ನಾಗಿದೆ, ಪಂಪಿಂಗ್ ಚೆನ್ನಾಗಿದೆ, ಇವತ್ತೇ ಎಂದೇನಿಲ್ಲ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ‘ಹಾಗಾದರೆ ಮನೆಗೆ ಹೋಗಿ ಯೋಚನೆ ಮಾಡ್ತೇನೆ’ ಎಂದು ಅವರು ಎದ್ದು ಬಂದರು. ಅಣ್ಣನಿಗೆ ಸಿಟ್ಟು, ಭಾವನಿಗೆ ಭಯ, ಚಿಕ್ಕಮ್ಮನಿಗೆ ಮಾತ್ರ ಖುಷಿ.

ನಾಲ್ಕು ತಿಂಗಳು ಮಾತ್ರೆ ತೆಗೆದುಕೊಂಡರು. ಬೀಡಿ ಬಿಟ್ಟರು. ಮನೆಯ ಅಂಗಳದಲ್ಲಿ, ಪೇಟೆಯಲ್ಲಿ ನಡೆಯುವಾಗ ನೋವು ಬರುವುದು ನಿಂತಿತು. ದರೆ ಹತ್ತುವಾಗ ಮಾತ್ರ ಎರಡು ಕಡೆ ಕೂರಲೇಬೇಕಾಗುತ್ತಿತ್ತು. ಕೊನೆಕೊಯ್ಲಿಗೆ ಮೊದಲು ಅದೇ ವೈದ್ಯರ ಹತ್ತಿರ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದರು. ಈ ಸಲ ಸಹಿ ಹಾಕಿದ್ದು ಅವರೇ. ‘ಸಾಯುವ ಹೆದರಿಕೆಗೆ ಅಲ್ಲ ಮಾರಾಯ್ತಿ, ತೋಟಕ್ಕೆ ಹೋಗಿ ಬರೋದಕ್ಕೆ’ ಎಂದು ಮಗಳಿಗೆ ಹೇಳಿದರಂತೆ. ಈಗ ದರೆಯನ್ನು ಒಂದೇ ಉಸಿರಿಗೆ ಹತ್ತುತ್ತಾರೆ. ರಾತ್ರಿ ಮಾತ್ರೆ ನುಂಗಿದರೋ ಇಲ್ಲವೋ ಎಂದು ಅಣ್ಣ ಬೆಂಗಳೂರಿನಿಂದ ದಿನಾ ಫೋನ್ ಮಾಡಿ ಕೇಳುತ್ತಾನೆ.